ಮೋಯಾರ್ ಹೊಳೆಯ ಸುತ್ತ

— ಗೆಳತಿಯರೆಲ್ಲ ಸೇರ್ಕೊಂಡು ಊಟಿಗೆ ಹೋಗಿದ್ರಂತೆ, ಅತ್ತಿಗೆ ಹೇಳಿದ್ರು. ಯಾವ ದಾರಿ ಹಿಡಿದ್ರಿ, ಗೂಡಲೂರಾ ಮಸಿನಗುಡಿಯಾ?

— ಮಸಿನಗುಡಿ, ಚಿಕ್ಕಪ್ಪ. ತೆಪ್ಪಕಾಡಲ್ಲಿ ಎಡಕ್ಕೆ ತಿರುಗಿದ್ವಿ. ಗೂಡಲೂರಿನ ಮೇಲೆ ಹೋಗೋದಕ್ಕಿಂತ ಸುಮಾರು 30 ಕಿಲೋಮೀಟರ್ ಕಮ್ಮಿ ಆಗುತ್ತೆ.

— ಕಮ್ಮಿ ಅನ್ನೋ ಒಂದೇ ಕಾರಣಕ್ಕೆ ಆ ದಾರಿ ಹಿಡೀಬಾರದು ಕಣಮ್ಮ. ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಮೇಲೆ ಊಟಿ ಇರೋದು 2,240 ಮೀಟರ್ ಎತ್ತರದಲ್ಲಿ. ಅಷ್ಟು ಎತ್ತರವನ್ನ ಅಷ್ಟು ಚಿಕ್ಕ ದೂರದಲ್ಲಿ ಏರಿಸಬೇಕು ಅಂದ್ರೆ ಗಾಡಿಗೂ ಕಷ್ಟ, ಓಡಿಸೋರಿಗೂ ಕಷ್ಟ. ಸ್ಟೇರಿಂಗ್ ಯಾರ ಕೈಲಿತ್ತು?

— ನಮ್ಮಲ್ಲಿ ಒಬ್ಬಳು ಸಕಲೇಶಪುರದವಳು. ಶಿರಾಡಿ, ಬಿಸಿಲೆ ಎಲ್ಲ ಓಡಿಸಿ ಪಳಗಿದ ಕೈ. ಘಾಟಿ ಶುರುವಾಗ್ತಿದ್ದ ಹಾಗೆ ಎ.ಸಿ. ಆರಿಸಿ ಕಿಟಕಿ ಇಳಿಸಿದ್ಲು. ನೆಟ್ಟಗಿನ ಏರಿಗೆ ಎರಡನೇ ಗೇರು, ತಿರುವಿಗೆ ಮೊದಲನೇದು. ಪ್ರತಿ ತಿರುವಿಗೂ ಹಾರನ್ನು. ನಮಗೆಲ್ಲ ಮಾತು ನಿಲ್ಲಿಸೋಕೆ ಹೇಳಿದ್ಲು, ಎಂಜಿನ್ ಸದ್ದು ಕೇಳಿಸಬೇಕು ಅಂತ.

— ಆ ಹುಡುಗಿ ಡ್ರೈವರ್ ಅನ್ನಿಸ್ಕೊಳ್ಳೋಕೆ ಯೋಗ್ಯಳು. ಘಾಟಿಯಲ್ಲಿ ಕಣ್ಣಿಗಿಂತ ಮುಂಚೆ ಕಿವಿ ಕೆಲಸ ಮಾಡಬೇಕು. ಎಂಜಿನ್ ಏದುಸಿರು ಬಿಡೋಕೆ ಮುಂಚೆಯೇ ಗೇರು ಇಳಿಸಬೇಕು. ಏರಿನ ಮಧ್ಯೆ ನಿಂತ ಮೇಲೆ ಇಳಿಸ್ತೀನಿ ಅಂದ್ರೆ ಹಿಂದಿನ ಗಾಡಿಯವನ ಗತಿ ಏನು?

— ಮೇಲೆ ಚೆಕ್‌ಪೋಸ್ಟಿನಲ್ಲಿ ಹೊರಗಿನ ಗಾಡಿಗಳನ್ನ ಇಳಿಯೋಕೆ ಬಿಡದೆ ವಾಪಸ್ ಕಳಿಸ್ತಾ ಇದ್ರು. ಹತ್ತೋಕೆ ಬಿಡ್ತಾರೆ, ಇಳಿಯೋಕೆ ಬಿಡಲ್ಲ. ಸುಮಾರು ಜನ ಪೊಲೀಸರ ಹತ್ರ ಜಗಳ ಆಡ್ತಿದ್ರು.

— ಜಗಳ ಆಡೋರಿಗೆ ಇಳಿಜಾರು ಅಂದ್ರೇನು ಅಂತ ಗೊತ್ತಿಲ್ಲ. ಏರೋ ಗಾಡಿ ಸೋತರೆ ನಿಲ್ಲುತ್ತೆ. ಇಳಿಯೋ ಗಾಡಿ ಸೋತರೆ ನಿಲ್ಲಲ್ಲ. ಬಯಲು ಸೀಮೇಲಿ ಓಡಿಸಿದೋರು ಇಡೀ ಘಾಟಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬರ್ತಾರೆ. ಪ್ಯಾಡು ಕಾಯುತ್ತೆ, ಸುಟ್ಟ ವಾಸನೆ ಬರುತ್ತೆ. ಆಮೇಲೆ ಬ್ರೇಕ್ ಆಯಿಲ್ ಕುದ್ದು ಅದರೊಳಗೆ ಗುಳ್ಳೆ ಏಳುತ್ತೆ. ಆಗ ಪೆಡಲ್ ಒತ್ತಿದ್ರೆ ಮೆತ್ತಗೆ ತಳ ಮುಟ್ಟುತ್ತೆ, ಗಾಡಿ ಮಾತ್ರ ಹೋಗ್ತಾನೇ ಇರುತ್ತೆ. ಏರಿದ ಗೇರಲ್ಲೇ ಇಳೀಬೇಕು, ಎಂಜಿನ್ನೇ ಗಾಡೀನ ಹಿಡ್ಕೋಬೇಕು. ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್ಲಿಗೆ ಹಾಕಿ ಇಳಿಯೋರನ್ನ ನಾನು ಕಣ್ಣಾರೆ ಕಂಡಿದೀನಿ. 2018ರಲ್ಲಿ ಚೆನ್ನೈ ಕಡೆಯೋರ ಕಾರೊಂದು ಅದೇ ಕಲ್ಹಟ್ಟಿಯಲ್ಲಿ ಕಂದಕಕ್ಕೆ ಬಿತ್ತಲ್ಲ, ಎರಡು ದಿನ ಯಾರಿಗೂ ಗೊತ್ತೇ ಆಗಲಿಲ್ಲ. ಐದು ಜನ ಹೋದ್ರು. ಆ ನಿಯಮ ಇರೋದು ಅದಕ್ಕೇ.

— ನೀವು ಬಸ್ಸು ಓಡಿಸ್ತಿದ್ದಾಗ ಬಂಡೀಪುರದಲ್ಲಿ ರಾತ್ರಿ ಗೇಟು ಹಾಕ್ತಿದ್ರಾ?

— ಮೊದಮೊದಲು ಇರಲಿಲ್ಲ. 2009ರಲ್ಲಿ ಬಂತು, ರಾತ್ರಿ 9ರಿಂದ ಬೆಳಗ್ಗೆ 6ರ ತನಕ. ಆಂಬುಲೆನ್ಸು, ಗೊತ್ತುಮಾಡಿದ ಕೆಲವು ಬಸ್ಸು ಬಿಟ್ಟರೆ ಮಿಕ್ಕ ಯಾವ ಗಾಡಿಗೂ ಪ್ರವೇಶ ಇಲ್ಲ. ಅದಕ್ಕೆ ಮುಂಚೆ ನಸುಕಲ್ಲಿ ಮೊದಲನೇ ಟ್ರಿಪ್ಪಿಗೆ ಹೋದ್ರೆ ರಸ್ತೆ ಮೇಲೆ ಜಿಂಕೆ ಬಿದ್ದಿರೋದು, ಕಾಡುಹಂದಿ ಬಿದ್ದಿರೋದು. ಯಾವುದೋ ಲಾರಿ ಹೊಡ್ಕೊಂಡು ಹೋಗಿರೋದು. ಆ ನಿಷೇಧ ತೆಗೀಬೇಕು ಅಂತ ವರ್ಷ ವರ್ಷ ಕೂಗು ಏಳುತ್ತೆ. ಇಡೀ ಜೀವಮಾನ ಆ ರಸ್ತೇಲಿ ದುಡಿದೋನು ಹೇಳ್ತೀನಿ, ತೆಗೀಬಾರದು. ಹಗಲೆಲ್ಲ ನಮಗೆ ಬಿಟ್ಟಿದೆ, ರಾತ್ರಿ ಆದ್ರೂ ಅವಕ್ಕೆ ಇರಲಿ.

— ನಾವು ಗುಂಡ್ಲುಪೇಟೆಯಲ್ಲೇ ತಿಂಡಿ ಮುಗಿಸಿಕೊಂಡು ಹೊರಟಿದ್ದು. ಕಾಡಲ್ಲಿ ಎಲ್ಲೂ ಇಳಿಯಲಿಲ್ಲ. ಕೆಕ್ಕನಹಳ್ಳದ ಚೆಕ್‌ಪೋಸ್ಟಲ್ಲಿ ನೀರಿನ ಬಾಟಲಿ ಇದೆಯಾ ಅಂತ ಡಿಕ್ಕಿ ತೆಗೆಸಿ ನೋಡಿದ್ರು. ನೀಲಗಿರಿ ಜಿಲ್ಲೆಯಲ್ಲಿ ಒಂದ್ಸಲ ಬಳಸಿ ಬಿಸಾಡೋ ಪ್ಲಾಸ್ಟಿಕ್ ಯಾವುದೂ ನಡೆಯಲ್ಲ. ನಾವು ಸ್ಟೀಲ್ ಕ್ಯಾನು ಇಟ್ಕೊಂಡಿದ್ವಿ. ತೆಪ್ಪಕಾಡಲ್ಲಿ ಸೇತುವೆ ದಾಟೋವಾಗ ಕೆಳಗೆ ಮೋಯಾರ್ ಹೊಳೆ. ನಾನು ಈ ಸಲ ಹೋಗಿದ್ದೇ ಅದಕ್ಕೆ ಅಂದ್ರೂ ತಪ್ಪಿಲ್ಲ.

— ಹೊಳೆ ನೋಡೋಕೆ ಊಟಿಗೆ ಹೋಗ್ತಾರಾ?

— ನಾವು ಹೋದ ದಾರೀನ ನಕ್ಷೇಲಿ ಬೆರಳಿಟ್ಟು ನೋಡಿ. ಮೈಸೂರು, ಬಂಡೀಪುರ, ತೆಪ್ಪಕಾಡು, ಊಟಿ. ಅಲ್ಲಿಂದ ಕೂನೂರು, ಕೋಟಗಿರಿ. ಕೋಟಗಿರಿಯಿಂದ ಮೆಟ್ಟುಪಾಳ್ಯಕ್ಕೆ ಇಳಿದು ಸತ್ಯಮಂಗಲ, ದಿಂಬಂ ಘಾಟಿ ಹತ್ತಿ ಹಾಸನೂರು, ಚಾಮರಾಜನಗರ, ವಾಪಸ್ ಮೈಸೂರು. ನಡುವೆ ಏನಿದೆ ಹೇಳಿ?

— ಮೋಯಾರ್ ಕಣಿವೆ.

— ಅದೇ. ಪೈಕಾರದ ಕಡೆ ಹುಲ್ಲುಗಾವಲಲ್ಲಿ ಹುಟ್ಟಿ, ಬಂಡೀಪುರಕ್ಕೂ ಮುದುಮಲೈಗೂ ಗಡಿಯಾಗಿ ಹರಿದು, ಆ ಆಳದ ಕೊರಕಲಲ್ಲಿ ಇಳಿದು, ಭವಾನಿಸಾಗರದಲ್ಲಿ ಭವಾನಿಗೆ ಸೇರುತ್ತೆ. ಭವಾನಿ ಮುಂದೆ ಕಾವೇರಿಗೆ. ಆ ಹೊಳೇನ ಒಂದು ಸುತ್ತು ಹಾಕಿ ಬರೋಣ ಅಂತ ನಾನೇ ಗೆಳತಿಯರನ್ನ ಒಪ್ಪಿಸಿದ್ದು. ಅವರಿಗೆ ಬೋಟಿಂಗು, ಚಾಕೊಲೇಟು, ಗುಲಾಬಿ ತೋಟ ಬೇಕಿತ್ತು. ಎರಡೂ ಆಗಲಿ ಅಂದೆ.

— ಮಸಿನಗುಡಿಯಲ್ಲಿ ಆನೆ ಸಿಕ್ತಾ?

— ರಸ್ತೆಗೆ ಹತ್ರದಲ್ಲೇ ಒಂದು ಹಿಂಡು. ಮರಿಯೂ ಇತ್ತು. ನಮ್ಮ ಸಕಲೇಶಪುರದವಳು ನಿಲ್ಲಿಸದೆ ನಿಧಾನಕ್ಕೆ ದಾಟಿಸಿಬಿಟ್ಲು. ಹಿಂದೆ ಬರ್ತಿದ್ದ ಕಾರಿನವರು ಇಳಿದು ಫೋಟೋ ತೆಗೀತಿದ್ರು, ನೋಡಿ ಕೈಕಾಲು ನಡುಗ್ತು. ಆ ಸೀಗೂರು ಪ್ರಸ್ಥಭೂಮಿ ಇದೆಯಲ್ಲ, ಒಂದು ಕಡೆ ನೀಲಗಿರಿಯ ಗೋಡೆ, ಇನ್ನೊಂದು ಕಡೆ ಮೋಯಾರ್ ಕೊರಕಲು. ಪಶ್ಚಿಮ ಘಟ್ಟದ ಆನೆ ಪೂರ್ವದ ಕಾಡಿಗೆ ಹೋಗೋಕೆ ಆ ಸಂದಿಯೇ ಒಂದು ಮುಖ್ಯ ದಾರಿ. ಅದೇ ಸಂದಿಯಲ್ಲಿ ರೆಸಾರ್ಟು ಕಟ್ಟಿ ಬೇಲಿ ಹಾಕಿದ್ರು. ಆನೆ ದಾರಿ ಬಿಟ್ಟುಕೊಡಲೇಬೇಕು ಅಂತ 2020ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟು ಹೇಳಿತು.

— ಆಮೇಲೆ ಕೆಲವೇ ತಿಂಗಳಿಗೆ ಉರಿಯೋ ಟೈರು ಎಸೆದು ಒಂದಾನೆ ಸಾಯಿಸಿದ್ರು. ಆ ವಿಡಿಯೋ ನಾನು ಪೂರ್ತಿ ನೋಡಲಿಲ್ಲ. ಆಗಲಿಲ್ಲ. ಅದು ಬಿಡು, ಊಟಿ ಹೇಗಿತ್ತು?

— ಊಟಿ ಪೇಟೆ ಬಗ್ಗೆ ಹೆಚ್ಚು ಹೇಳೋಕೇನೂ ಇಲ್ಲ ಚಿಕ್ಕಪ್ಪ. ಸೀಸನ್ ಅಲ್ಲದಿದ್ರೂ ಚೇರಿಂಗ್ ಕ್ರಾಸಲ್ಲಿ ಗಾಡಿ ಮುಂದಕ್ಕೆ ಹೋಗ್ತಿರಲಿಲ್ಲ. ಕೆರೆಯಲ್ಲಿ ಬೋಟು, ಸಸ್ಯೋದ್ಯಾನ, ವರ್ಕಿ ಬಿಸ್ಕತ್ತು, ಎಲ್ಲ ಆಯ್ತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿ ಬಂದ, ಆಮೇಲೆ ಸ್ಟೋನ್‌ಹೌಸ್ ಕಟ್ಟಿಸಿದ, ಕೆರೆ ಕಟ್ಟಿಸಿದ ಅಂತ ಎಲ್ಲ ಗೈಡುಗಳೂ ಹೇಳ್ತಾರೆ. ಅದಕ್ಕೆ ಮುಂಚೆ ಆ ಬೆಟ್ಟದಲ್ಲಿ ತೋಡರು ಎಮ್ಮೆ ಮೇಯಿಸ್ತಿದ್ರು, ಕೋತರು ಕಬ್ಬಿಣ ಕಾಯಿಸ್ತಿದ್ರು, ಮಡಕೆ ಮಾಡ್ತಿದ್ರು, ಬಡಗರು ರಾಗಿ, ಸಾಮೆ ಬೆಳೀತಿದ್ರು, ಕುರುಂಬರು ಜೇನು ತೆಗೀತಿದ್ರು. ಅದನ್ನ ಯಾರೂ ಹೇಳಲ್ಲ. ಊರು ಸಲಿವನ್ನನಿಂದ ಶುರುವಾಯ್ತೇನೋ, ಬೆಟ್ಟ ಆಗಲಿಲ್ಲ.

— ಹಾಗಾದ್ರೆ ನಿನಗೆ ಹಿಡಿಸಿದ್ದು ಎಲ್ಲಿ?

— ಗೂಡಲೂರು ರಸ್ತೇಲಿ, ಪೈಕಾರಕ್ಕೆ ಹೋಗೋ ದಾರೀಲಿ. ವೆನ್‌ಲಾಕ್ ಡೌನ್ಸ್ ಅಂತಾರಲ್ಲ, ಸಿನಿಮಾದವರು ಹಾಡು ತೆಗೆಯೋ ಜಾಗ.

— ಒಂಬತ್ತನೇ ಮೈಲಿ! ಬಸ್ಸು ಅಲ್ಲಿ ಬಂದಾಗ ಎಲ್ಲರೂ ಕಿಟಕಿಗೆ ತಲೆ ಹಾಕೋರು. ಖಾಲಿ ಗುಡ್ಡ ಅಲ್ವಾ ಅದು? ನನಗೆ ಅದಕ್ಕಿಂತ ಮುಂದೆ ಸಿಗೋ ಪೈನ್ ಮರದ ತೋಪೇ ಚೆಂದ.

— ಅಲ್ಲೇ ನಮ್ಮ ಜಗಳ ಆಗಿದ್ದು. ಗೆಳತಿಯರೆಲ್ಲ ಪೈನ್ ತೋಪಲ್ಲಿ ಫೋಟೋ ತೆಗೆಸ್ಕೊಂಡು, ಗುಡ್ಡದ ಹತ್ರ ಬಂದಾಗ "ಇಲ್ಲೇನಿದೆ, ಬರೀ ಹುಲ್ಲು" ಅಂದ್ರು. ನಾನು ಕಾಲೇಜಲ್ಲಿ ಪಾಠ ಮಾಡೋದೇ ಸಸ್ಯಶಾಸ್ತ್ರ, ಸುಮ್ಮನಿರೋಕೆ ಆಗಲಿಲ್ಲ. ಎಲ್ಲರನ್ನೂ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂರಿಸಿದೆ. ಮೇಲ್ಗಡೆ ನೋಡಿ, ಗುಡ್ಡದ ನೆತ್ತಿ ಎಲ್ಲ ಹುಲ್ಲು. ಮಡಿಕೆಗಳಲ್ಲಿ, ನೀರು ಇಳಿಯೋ ಜಾಗದಲ್ಲಿ ಮಾತ್ರ ಒತ್ತಾದ ಗಿಡ್ಡ ಕಾಡು. ಅದು ಶೋಲಾ. ಹುಲ್ಲೂ ಶೋಲಾನೂ ಸೇರಿ ಒಂದೇ ಬಾಳು. ಚಳಿಗಾಲದಲ್ಲಿ ಬಯಲಿಗೆ ಮಂಜು ಹೆಪ್ಪುಗಟ್ಟಿ ಬೀಳುತ್ತೆ. ಶೋಲಾದ ಮರದ ಸಸಿ ಆ ಬಯಲಲ್ಲಿ ಹುಟ್ಟಿದ್ರೂ ಹಿಮಕ್ಕೆ ಸುಟ್ಟು ಸಾಯುತ್ತೆ, ಹುಲ್ಲು ಸಾಯಲ್ಲ. ಅದಕ್ಕೇ ಕಾಡು ಮಡಿಕೆಯೊಳಗೇ ಇರುತ್ತೆ, ಹುಲ್ಲು ನೆತ್ತಿ ಮೇಲೇ ಇರುತ್ತೆ. ಯಾರೂ ಕಡಿದು ಬೋಳು ಮಾಡಿದ ಗುಡ್ಡ ಅಲ್ಲ ಅದು. ಸಾವಿರಾರು ವರ್ಷದಿಂದ ಹಾಗೇ ಇರೋದು.

— ಹಾಗಾದ್ರೆ ಪೈನು?

— ಹೊರಗಿಂದ ತಂದು ನೆಟ್ಟಿದ್ದು. ನೀಲಗಿರಿ ಮರ ಆಸ್ಟ್ರೇಲಿಯಾದ್ದು, ವಾಟಲ್ ಮರವೂ ಅಲ್ಲಿಂದಲೇ ಬಂದಿದ್ದು. ಬ್ರಿಟಿಷರ ಕಣ್ಣಿಗೆ ಹುಲ್ಲುಗಾವಲು ಅಂದ್ರೆ ಪಾಳು ಜಾಗ. ಸೌದೆ ಬೇಕಿತ್ತು, ನೆಟ್ಟರು. ಸ್ವಾತಂತ್ರ್ಯ ಬಂದ ಮೇಲೂ ನಮ್ಮವರು ನಿಲ್ಲಿಸಲಿಲ್ಲ. ತೊಗಲು ಹದ ಮಾಡೋಕೆ ವಾಟಲ್ ತೊಗಟೆ, ಬಟ್ಟೆ ನೂಲಿಗೆ, ಕಾಗದಕ್ಕೆ ನೀಲಗಿರಿ ಮರದ ತಿರುಳು ಅಂತ ಇನ್ನಷ್ಟು ಗುಡ್ಡ ತುಂಬಿಸಿದ್ರು. ವಾಟಲ್ ಬೀಜ ಮಣ್ಣಲ್ಲಿ ದಶಕಗಟ್ಟಲೆ ಕಾದು ಕೂತಿರುತ್ತೆ, ಮರ ಕಡಿದ್ರೆ ಸಾವಿರ ಸಸಿ ಏಳುತ್ತೆ. ಈಗ ಯಾರೂ ನೆಡದಿದ್ರೂ ತಾನೇ ಹಬ್ಬುತ್ತೆ.

— ಮರ ಬಂದ್ರೆ ಮಳೆ ಬರುತ್ತೆ, ನೀರು ನಿಲ್ಲುತ್ತೆ ಅಂತಲೇ ನಮಗೆಲ್ಲ ಶಾಲೇಲಿ ಹೇಳಿಕೊಟ್ಟಿದ್ದು.

— ಮರ ಯಾವುದು, ಜಾಗ ಯಾವುದು ಅಂತ ನೋಡಬೇಕು ಚಿಕ್ಕಪ್ಪ. ಊಟಿಯಲ್ಲೇ ಮಣ್ಣು-ನೀರು ಸಂರಕ್ಷಣೆಯ ಸಂಶೋಧನಾ ಕೇಂದ್ರ ಇದೆ. ಅವರು ಗ್ಲೆನ್‌ಮಾರ್ಗನ್ ಹತ್ರ ಎರಡು ಹಳ್ಳದ ಪ್ರದೇಶ ಆರಿಸ್ಕೊಂಡು, ಒಂದರಲ್ಲಿ ಹುಲ್ಲು, ಶೋಲಾ ಇದ್ದ ಹಾಗೇ ಬಿಟ್ಟು, ಇನ್ನೊಂದರಲ್ಲಿ ನೀಲಗಿರಿ ಮರ ನೆಟ್ಟು, ವರ್ಷಗಟ್ಟಲೆ ನೀರು ಅಳೆದ್ರು. ಮೊದಲನೇ ಸುತ್ತಿನ ಮರ ಬೆಳೆಯೋ ಹೊತ್ತಿಗೆ ಹಳ್ಳದ ನೀರು ಶೇ. 16ರಷ್ಟು ಇಳೀತು. ಕಡಿದ ಬುಡದಿಂದ ಎರಡನೇ ಸುತ್ತು ಚಿಗುರಿ ಬೆಳೆದಾಗ ಸುಮಾರು ಕಾಲು ಭಾಗ ಹೋಯ್ತು. ಬೇಸಿಗೇಲಿ ಹರಿಯೋ ನೀರು ಕಮ್ಮಿ ಆದ್ರೆ ಕೆಳಗಿನ ಅಣೆಕಟ್ಟಿಗೂ ಕಮ್ಮಿ, ವಿದ್ಯುತ್ತಿಗೂ ಕಮ್ಮಿ. 1932ರಿಂದ ಪೈಕಾರದ ನೀರಲ್ಲಿ ಕರೆಂಟು ತೆಗೀತಿದ್ದಾರೆ. ಆ ನೀರಿನ ಬೇರು ಇರೋದು ನನ್ನ ಗೆಳತಿಯರು "ಬರೀ ಹುಲ್ಲು" ಅಂದ ಆ ಹುಲ್ಲಲ್ಲಿ.

— ಅಷ್ಟು ವರ್ಷ ಅದರ ಪಕ್ಕದಲ್ಲೇ ಬಸ್ಸು ಓಡಿಸಿದ್ರೂ ಇದನ್ನ ಹೇಳೋರು ಯಾರೂ ಸಿಗಲಿಲ್ಲ ನೋಡು. ಈಗೇನು, ಆ ವಾಟಲ್ ತೆಗೀತಾರಂತಾ?

— ಮದ್ರಾಸ್ ಹೈಕೋರ್ಟಿನ ಒತ್ತಾಯ ಇದೆ. ಪರಕೀಯ ಗಿಡಗಳನ್ನ ತೆಗೆಯೋಕೆ ತಮಿಳುನಾಡು ಸರ್ಕಾರ 2022ರಲ್ಲಿ ಒಂದು ನೀತಿ ತಂದಿದೆ. ಕೆಲಸ ನಿಧಾನ. ಮರ ಕಡಿದ್ರೆ ಮುಗೀಲಿಲ್ಲ, ಅಲ್ಲಿ ಹುಲ್ಲನ್ನ ಬುಡ ಬುಡ ತಂದು ನೆಡಬೇಕು. ಹುಲ್ಲು ನೆಡೋದು ಅಂದ್ರೆ ಯಾರಿಗೂ ಫೋಟೋ ಸಿಗೋ ಕಾರ್ಯಕ್ರಮ ಅಲ್ಲ. ಆದ್ರೂ ಮಾಡ್ತಿರೋರು ಇದ್ದಾರೆ, ಅವರಿಗೆ ನನ್ನ ನಮಸ್ಕಾರ.

— ನಿಮ್ಮ ಜಗಳ ಏನಾಯ್ತು?

— ಒಬ್ಬಳು ಕೂತಲ್ಲೇ ಹುಲ್ಲಿನ ನಡುವೆ ಹೂವು ಎಣಿಸೋಕೆ ಶುರು ಮಾಡಿದ್ಲು. ಬೆರಳಿನ ಉಗುರಿಗಿಂತ ಚಿಕ್ಕ ಹೂವುಗಳು. ಹೊರಡೋಣ ಅಂದ್ರೂ ಏಳಲಿಲ್ಲ. ಕುರಿಂಜಿ ಗಿಡ ತೋರಿಸಿದೆ, ಹೂ ಇರಲಿಲ್ಲ. 12 ವರ್ಷಕ್ಕೊಮ್ಮೆ ಅರಳೋ ಆ ನೀಲಿ ಕುರಿಂಜಿ ಬೆಳೆಯೋದೂ ಇಂಥ ಹುಲ್ಲುಗಾವಲಲ್ಲೇ.

— ಇ-ಪಾಸ್ ತಗೊಂಡಿದ್ರಾ? ಅದೊಂದು ದೊಡ್ಡ ರಗಳೆ ಅಂತ ಟ್ಯಾಕ್ಸಿ ಸ್ಟ್ಯಾಂಡಲ್ಲಿ ಹುಡುಗರು ಗೊಣಗ್ತಿರ್ತಾರೆ.

— ಫೋನಲ್ಲೇ ಸಿಕ್ತು, ಕಷ್ಟ ಏನಿಲ್ಲ. 2024ರ ಮೇ 7ರಿಂದ ಊಟಿಗೂ ಕೊಡೈಕೆನಾಲಿಗೂ ಹೈಕೋರ್ಟು ಮಾಡಿದ ಏರ್ಪಾಡು. 2025ರ ಬೇಸಿಗೇಲಿ ಇನ್ನೂ ಬಿಗಿ ಮಾಡಿದ್ರು. ನೀಲಗಿರಿಗೆ ವಾರದ ದಿನ 6,000 ಗಾಡಿ, ಶನಿವಾರ ಭಾನುವಾರ 8,000. ನನ್ನ ಗೆಳತಿಯೊಬ್ಬಳಿಗೆ ಇದು ಸರಿ ಕಾಣಲಿಲ್ಲ. ಬೆಟ್ಟ ಎಲ್ಲರದ್ದು, ದುಡ್ಡಿರೋರು ಮೊದಲೇ ಬುಕ್ ಮಾಡ್ತಾರೆ, ರಜೆ ಸಿಕ್ಕಾಗ ಹೊರಡೋ ಬಡವರು ಏನು ಮಾಡಬೇಕು ಅಂದ್ಲು.

— ಬಡವರು ಬಸ್ಸಲ್ಲಿ ಹೋಗ್ತಾರೆ ಅಂತ ಹೇಳಬೇಕಿತ್ತು! ಸರ್ಕಾರಿ ಬಸ್ಸಿಗೆ ಆ ಪಾಸು ಬೇಡ. ನನ್ನ ಒಂದು ಬಸ್ಸಲ್ಲಿ ಐವತ್ತು ಜನ ಕೂರೋರು. ಅದೇ ಐವತ್ತು ಜನ ಕಾರಲ್ಲಿ ಹೋದ್ರೆ ಹನ್ನೆರಡು ಹದಿಮೂರು ಕಾರು ಬೇಕು. ಜನಕ್ಕೆ ತಡೆ ಹಾಕಿ ಅಂತ ನಾನು ಎಂದೂ ಹೇಳಲ್ಲ. ಕಾರಿಗೆ ತಡೆ ಹಾಕಿ, ಬಸ್ಸು ಜಾಸ್ತಿ ಬಿಡಿ. ಬರೀ ಪಾಸು ಮಾಡಿ ಬಸ್ಸು ಬಿಡದಿದ್ರೆ ಆ ಹುಡುಗಿ ಹೇಳಿದ್ದೇ ನಿಜ ಆಗುತ್ತೆ.

— ನೀವು ಅಲ್ಲಿದ್ದಿದ್ರೆ ಆ ವಾದ ಅರ್ಧ ಗಂಟೇಲಿ ಮುಗೀತಿತ್ತು. ನಾವು ಊಟಿಯಿಂದ ಕೂನೂರಿಗೆ ಹೋಗೋ ತನಕ ಆಡಿದ್ವಿ. ಅದೂ ರೈಲಲ್ಲಿ. ಇಬ್ಬರು ಕಾರು ತಂದ್ರು, ಮಿಕ್ಕವರು ರೈಲು ಹತ್ತಿದ್ವಿ. ಕೇತಿ ಕಣಿವೆ ಮೇಲೆ ಬಿಸಿಲು ಬಿದ್ದಿತ್ತು, ಕ್ಯಾರೆಟ್ಟು, ಎಲೆಕೋಸಿನ ಪಾತಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ವು. ಆ ಇಳಿಜಾರು ನೋಡಿದಾಗ ಭಯವೂ ಆಯ್ತು. 2009ರ ನವೆಂಬರಲ್ಲಿ ಆ ಸುತ್ತಮುತ್ತ ಗುಡ್ಡ ಕುಸಿದು ನಲವತ್ತಕ್ಕೂ ಹೆಚ್ಚು ಜನ ಸತ್ತಿದ್ರು.

— ಗೊತ್ತು. ವಾರಗಟ್ಟಲೆ ರಸ್ತೆ ಬಂದ್. 2019ರ ಆಗಸ್ಟಲ್ಲೂ ಅವಲಾಂಚೆಯಲ್ಲಿ ಒಂದೇ ದಿನದಲ್ಲಿ 80 ಸೆಂಟಿಮೀಟರಿಗೂ ಜಾಸ್ತಿ ಮಳೆ ಬಿತ್ತಲ್ಲ. ಇಳಿಜಾರನ್ನ ನೆಟ್ಟಗೆ ಕಡಿದು ಲಾಡ್ಜ್ ಕಟ್ಟಿದ ಮೇಲೆ ಮಣ್ಣು ಎಷ್ಟು ಅಂತ ತಡೆಯುತ್ತೆ? ಕೂನೂರಲ್ಲಿ ರೈಲಿನ ಉಗಿ ಎಂಜಿನ್ ಕಂಡಿತಾ?

— ಕಂಡಿತು. ಹಳಿಗಳ ನಡುವೆ ಇರೋ ಹಲ್ಲಿನ ಪಟ್ಟಿಯನ್ನೂ ನೋಡಿದ್ವಿ. ಕಲ್ಲಾರಿನಿಂದ ಕೂನೂರಿನ ತನಕ ಏರು ಹನ್ನೆರಡು ಅಡಿಗೆ ಒಂದಡಿಯಂತೆ. ಅಷ್ಟು ಕಡಿದಾದ ಕಡೆ ಚಕ್ರ ಜಾರುತ್ತೆ, ಅದಕ್ಕೇ ಎಂಜಿನ್ನಿನ ಹಲ್ಲುಗಾಲಿ ಆ ಪಟ್ಟಿಯನ್ನ ಕಚ್ಚಿಕೊಂಡು ಏರುತ್ತೆ. ಎಂಜಿನ್ ಹಿಂದಿಂದ ತಳ್ಳುತ್ತೆ, ಡಬ್ಬಿ ಮುಂದೆ. ಮೆಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ ಬಂತು. 46 ಕಿಲೋಮೀಟರು, 16 ಸುರಂಗ. 2005ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

— ಕೋಟಗಿರಿಯಲ್ಲಿ ಎಷ್ಟು ಹೊತ್ತು ಇದ್ರಿ? ಅಲ್ಲಿ ಯಾರೂ ನಿಲ್ಲಲ್ಲ, ಹಾಗೇ ಇಳಿದು ಹೋಗ್ತಾರೆ.

— ರಾತ್ರಿ ಅಲ್ಲೇ ಉಳಿದ್ವಿ. ಬೆಳಗ್ಗೆ ಲಾಂಗ್‌ವುಡ್ ಶೋಲಾಕ್ಕೆ ಹೋದ್ವಿ. 116 ಹೆಕ್ಟೇರ್ ಅಷ್ಟೇ, ಸುತ್ತ ಚಹಾ ತೋಟ, ಮನೆ. ಒಳಗೆ ಕಾಲಿಟ್ಟರೆ ತಣ್ಣಗೆ, ಮರದ ಮೈಯೆಲ್ಲ ಪಾಚಿ. ಕೆಳಗಿನ ಹಳ್ಳಿಗಳು ಕುಡಿಯೋ ನೀರು ಆ ಕಾಡಿಂದಲೇ ಬರೋದು. ಅದನ್ನ ಉಳಿಸ್ಕೊಂಡಿರೋದು ಊರಿನ ಜನ, ಅರಣ್ಯ ಇಲಾಖೆಯ ಜೊತೆ ನಿಂತು. ವಾಪಸ್ ಬರೋವಾಗ ಒಂದು ಹಟ್ಟಿಯಲ್ಲಿ ಚಹಾ ಕುಡಿದ್ವಿ. ಅಂಗಡಿ ಅಜ್ಜಿ ಬಡಗರವರು. ಅವರು ಬಡಗ ಮಾತಾಡೋರು, ನಾವು ಕನ್ನಡ. ಒಂದೆರಡು ಸಲ ಕೇಳಿ ಕೇಳಿ ಹೇಳಿಸ್ಕೊಂಡಿದ್ದು ಬಿಟ್ಟರೆ ಎಲ್ಲ ತಿಳೀತು.

— ಗುಂಡ್ಲುಪೇಟೆ ಸಂತೇಲಿ ನನಗೂ ಬಡಗ ಸ್ನೇಹಿತರಿದ್ರು. ಒಂದ್ಸಲ ಹೆತ್ತೆ ಹಬ್ಬಕ್ಕೆ ಕರೆದಿದ್ರು, ಬೆರಗಣಿಗೆ. ಊರೂರಿಂದ ಬಿಳಿ ಬಟ್ಟೆ ಉಟ್ಟು ನಡ್ಕೊಂಡು ಬರ್ತಾರೆ, ಗುಡ್ಡದ ಹಾದಿ ಎಲ್ಲ ಬೆಳ್ಳಗೆ. ಅಜ್ಜಿ ಏನು ಹೇಳಿದ್ರು?

— ಎಲೆ ರೇಟಿನ ಮಾತು. ಅವರಿಗೆ ಸ್ವಲ್ಪ ಚಹಾ ತೋಟ ಇದೆ. ಹಸಿರೆಲೆಗೆ ಫ್ಯಾಕ್ಟರಿ ಕೊಡೋ ದುಡ್ಡು ಕೀಳೋ ಕೂಲಿಗೇ ಸರಿಹೋಗುತ್ತಂತೆ. ಮಕ್ಕಳು ಕೊಯಮತ್ತೂರಲ್ಲಿ ಕೆಲಸಕ್ಕಿದ್ದಾರೆ. ಪಕ್ಕದ ತೋಟ ಮಾರಿದ್ರಂತೆ, ಅಲ್ಲಿ ಈಗ ಕಾಟೇಜು ಏಳ್ತಿದೆ. ಹೊರಗಿನವರಿಗೆ ಬೆಟ್ಟ ಬೇಕು, ಬೆಟ್ಟದವರಿಗೆ ಬದುಕು ಬೇಕು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅವರ ಮನೆಯ ಚಹಾ ಪುಡಿ ಕೊಂಡ್ಕೊಂಡು ಬಂದೆ, ನಿಮಗೂ ಇಟ್ಟಿದೀನಿ.

— ಆಮೇಲೆ ಇಳಿಯೋದು ಹೇಗಾಯ್ತು?

— ಏರಿದ ಗೇರಲ್ಲೇ ಇಳಿದ್ವಿ. ಬಿಸಿಲು ಏರ್ತಾ ಹೋಯ್ತು, ಸ್ವೆಟರ್ ಒಂದೊಂದಾಗಿ ಹಿಂದಿನ ಸೀಟಿಗೆ ಬಂತು. ಭವಾನಿಸಾಗರದ ಹತ್ರ ನಿಂತು ಗೆಳತಿಯರಿಗೆ ಹೇಳಿದೆ, ಮೊನ್ನೆ ತೆಪ್ಪಕಾಡಲ್ಲಿ ಸೇತುವೆ ಕೆಳಗೆ ಕಂಡ ಹೊಳೆ ಇಲ್ಲಿ ಬಂದು ಸೇರುತ್ತೆ ಅಂತ. ಪೈನ್ ತೋಪಲ್ಲಿ ಫೋಟೋ ತೆಗೆಸ್ಕೊಂಡವಳೇ ಕೇಳಿದ್ಲು: ಒಂಬತ್ತನೇ ಮೈಲಿಯ ನೀರೂ ಇದರಲ್ಲಿ ಇದೆಯಾ? ಇದೆ ಅಂದೆ. ಈ ಅಣೆಕಟ್ಟು 1955ರದ್ದು. ಈರೋಡಿನ ಕಡೆ ಭತ್ತ, ಅರಿಶಿನ, ಕಬ್ಬು ಎಲ್ಲ ಇದರ ಕಾಲುವೆಯ ನೀರಲ್ಲಿ.

— ಕಬ್ಬು ಅಂದ್ರೆ ದಿಂಬಂ ಘಾಟಿಯಲ್ಲೂ ಲಾರಿ ತುಂಬ ಸಿಗುತ್ತೆ. 27 ತಿರುವು. ಉದ್ದ ಲಾರಿ ತಿರುವಲ್ಲಿ ಸಿಕ್ಕಿ ಹಾಕ್ಕೊಂಡ್ರೆ ಗಂಟೆಗಟ್ಟಲೆ ಕಾಯಬೇಕು.

— ಬಣ್ಣಾರಿ ಅಮ್ಮನ ಗುಡಿಯಲ್ಲಿ ಕೈಮುಗಿದು ಹತ್ತಿದ್ವಿ, ತೊಂದರೆ ಆಗಲಿಲ್ಲ. ಹಾಸನೂರು ದಾಟಿದ ಮೇಲೆ ಒಂದು ಒಂಟಿ ಸಲಗ ರಸ್ತೆ ಪಕ್ಕದಲ್ಲಿ ನಿಂತಿತ್ತು. ಲಾರಿಯವರು ಕಬ್ಬು ಎಸೆದು ಎಸೆದು ಅದಕ್ಕೆ ರೂಢಿ ಮಾಡಿದ್ದಾರೆ, ಗಾಡಿ ತಡೆಯುತ್ತೆ. ಪ್ರೀತಿಯಿಂದಲೇ ಎಸೀತಾರೇನೋ, ಆದ್ರೆ ಮುಂದೆ ಬರೋ ಬೈಕಿನವನ ಪ್ರಾಣಕ್ಕೆ, ಆನೆಯ ಪ್ರಾಣಕ್ಕೆ ಎರಡಕ್ಕೂ ಕೇಡು. ಪುಣಜನೂರಿನ ಚೆಕ್‌ಪೋಸ್ಟಿಗೆ ಕತ್ತಲೆಗೆ ಮುಂಚೆ ಬಂದ್ವಿ.

— ಮುಂದಿನ ಸಲ ಕಾರು ಬೇಡ ಕಣಮ್ಮ. ಮೈಸೂರಿನಿಂದ ಊಟಿಗೆ ಬಸ್ಸು, ಅಲ್ಲಿಂದ ಮೆಟ್ಟುಪಾಳ್ಯಕ್ಕೆ ರೈಲು, ಅಲ್ಲಿಂದ ಸತ್ಯಮಂಗಲ, ಚಾಮರಾಜನಗರಕ್ಕೆ ಮತ್ತೆ ಬಸ್ಸು. ಅದೇ ಸುತ್ತು.

— ನೀವೂ ಬರ್ತೀರಾ?

— ಹೆತ್ತೆ ಹಬ್ಬದ ಹೊತ್ತಿಗೆ ಇಟ್ಕೊ. ರೈಲಿನ ಟಿಕೆಟ್ ಬೇಗ ಮುಗಿದುಹೋಗುತ್ತೆ, ಇವತ್ತೇ ನೋಡು.